ಏಕಾದಶಿ ನೋಡಿ ಟಿಕೆಟ್ಟು

ನಮ್ಮ ಕಿಟ್ಟು ಪರದೇಶಕ್ಕೆ ಹೊರಡುವ ದಿನವನ್ನು ಪಂಚಾಂಗ ನೋಡಿಯೇ ಗೊತ್ತುಮಾಡುತ್ತಾನೆ. ಆದರೆ ಅವನು ಹುಡುಕುವುದು ಶುಭಮುಹೂರ್ತವನ್ನಲ್ಲ, ಏಕಾದಶಿಯನ್ನು. ಯಾವ ಊರಿನಲ್ಲಿ ಊಟ ತುಟ್ಟಿಯೋ ಆ ಊರಿನಲ್ಲಿ ಏಕಾದಶಿ ಬೀಳಬೇಕು, ಯಾವ ಊರಿನಲ್ಲಿ ಅಡಿಗೆಮನೆಯಿರುವ ಬಾಡಿಗೆ ಮನೆ ಅಗ್ಗಕ್ಕೆ ಸಿಗುತ್ತದೋ ಆ ಊರಿನಲ್ಲಿ ಮಿಕ್ಕ ತಿಥಿಗಳೆಲ್ಲ ಕಳೆಯಬೇಕು. ಒಂದು ಕೈಯಲ್ಲಿ ಮಠದ ಪಂಚಾಂಗ, ಇನ್ನೊಂದು ಕೈಯಲ್ಲಿ ಮಗಳ ಫೋನು ಹಿಡಿದು ಮದ್ರಾಸಿನ ವೇಲಚೇರಿಯ ಮನೆಯ ಹಾಲಿನಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತ ಅವನು ಪ್ರಯಾಣ ಹೊಂದಿಸುವಾಗ ನಾವು ಯಾರೂ ಮಾತಾಡಿಸುವುದಿಲ್ಲ. ಉಪವಾಸದ ಪುಣ್ಯವೂ ಬಂತು, ದಿನದ ಖರ್ಚೂ ಉಳಿಯಿತು. ದೇವರಿಗೂ ನಷ್ಟವಿಲ್ಲ, ಕಿಟ್ಟುವಿಗೂ ನಷ್ಟವಿಲ್ಲ.

ಕಿಟ್ಟು ನನ್ನ ಮೈದುನ. ನಾನು ತಿರುವಲ್ಲಿಕ್ಕೇಣಿಯ ಮನೆಗೆ ಸೊಸೆಯಾಗಿ ಬಂದಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಈಗ ಅವನಿಗೂ ತಲೆ ಬೆಳ್ಳಗಾಗಿದೆ. ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ಅವನ ಮನೆಯಲ್ಲೇ ಇದ್ದೇನೆ. ಆ ಮನೆಯೂ ಅವನ ಸ್ವಭಾವದ ಒಂದು ತುಂಡೇ: ವೇಲಚೇರಿಗೆ ನೀರು ನುಗ್ಗಿ ಜನ ದೋಣಿಯಲ್ಲಿ ಹೊರಗೆ ಬಂದ ಮರುವರ್ಷ, ಆ ಕಡೆ ಮನೆ ಕೇಳುವವರೇ ಇಲ್ಲದಾಗ, ಹೋಗಿ ಎರಡನೇ ಮಹಡಿಯ ಫ್ಲಾಟು ಕೊಂಡುಬಂದ. ನಾನು ಹೆದರಿ ಕೇಳಿದ್ದಕ್ಕೆ, "ಅತ್ತಿಗೆ, ನೀರು ಬಂದ್ರೆ ಒಂದನೇ ಮಹಡಿವರೆಗೆ ಬರುತ್ತೆ. ನಾವು ಎರಡರಲ್ಲಿ ಇದ್ದೀವಿ. ಸುಮ್ನೆ ಯಾಕೆ ಭಯ?" ಎಂದ.

ಈ "ಸುಮ್ನೆ ಯಾಕೆ" ಅವನ ಮಾತಿಗೆಲ್ಲ ಮುಂದಿನ ಬಾಗಿಲು. ಸುಮ್ನೆ ಯಾಕೆ ಆಟೋ, ಸುಮ್ನೆ ಯಾಕೆ ಎರಡು ಲೈಟು, ಸುಮ್ನೆ ಯಾಕೆ ಮದುವೆಗೆ ಇಬ್ಬರೂ ಹೋಗೋದು. ಮಗಳು ಸುಮೇಧಾ ಮದ್ರಾಸಿನಲ್ಲೇ ಓದಿ ಬೆಳೆದವಳು, ಕನ್ನಡದಲ್ಲಿ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಅವಳು ಒಂದು ದಿನ "ಅಪ್ಪಾ, ಇದು ಸಿಕ್ಕನಂ ಇಲ್ಲೆ, ಕಂಜತ್ತನಂ" ಎಂದಳು. ಮಿತವಾಗಿ ಬಾಳುವುದಕ್ಕೆ ತಮಿಳಿನಲ್ಲಿ ಸಿಕ್ಕನ ಎನ್ನುತ್ತಾರೆ, ಇನ್ನೊಂದು ಜಿಪುಣತನ. ಕಿಟ್ಟು ಕೋಪಿಸಿಕೊಳ್ಳಲಿಲ್ಲ. "ಎರಡಕ್ಕೂ ನಡುವೆ ಒಂದು ಗೋಡೆ ಇದೆ ಕಣಮ್ಮ. ನಾನು ಆ ಗೋಡೆ ಮೇಲೆ ಕೂತಿದ್ದೀನಿ. ಯಾವ ಕಡೆ ಕಾಲು ಬಿಟ್ಟಿದ್ದೀನಿ ಅಂತ ನೋಡಬೇಡ" ಎಂದ.

ನಡೆಯುವಾಗ ಬಲಗಡೆಗೆ ಕೊಂಚ ವಾಲುತ್ತಾನೆ. ಅಂಬತ್ತೂರಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಆಯುಷ್ಯವೆಲ್ಲ ಕೆಲಸ ಮಾಡಿದವನು. ಸೊಂಟದ ಬಲಕ್ಕೆ ಬೀಗದ ಕೈಗಳ ದೊಡ್ಡ ಗೊಂಚಲು ತೂಗುತ್ತಿತ್ತು. ರಿಟೈರಾದ ದಿನ ಗೊಂಚಲನ್ನು ಬಿಚ್ಚಿಕೊಟ್ಟು ಬಂದ, ವಾಲುವುದನ್ನು ಮಾತ್ರ ಮನೆಗೆ ತಂದ. ಅವನಿಗೆ ಪರದೇಶದ ಹುಚ್ಚು ಹಿಡಿದದ್ದೂ ಆ ಸ್ಟೋರಿನಲ್ಲೇ. ಯಂತ್ರದ ಭಾಗಗಳು ಹಡಗಿನಲ್ಲಿ ಬಂದು ರಾಯಪುರಂ ಕಡೆಯ ಬಂದರಿನಲ್ಲಿ ಇಳಿಯುತ್ತಿದ್ದವು. ಬಿಡಿಸಿಕೊಂಡು ಬರಲು ಇವನು ಹೋಗಬೇಕು. ಮರದ ಪೆಟ್ಟಿಗೆಗಳ ಮೈಮೇಲೆ ಕಪ್ಪು ಅಕ್ಷರದಲ್ಲಿ ಊರಿನ ಹೆಸರು ಹೊಡೆದಿರುತ್ತಿತ್ತು, ಹೆಚ್ಚಿನದರ ಮೇಲೆ "ಕೋಬೆ" ಎಂದು. ಬಿಸಿಲಿನಲ್ಲಿ, ಉಪ್ಪುಗಾಳಿಯಲ್ಲಿ, ಲಾರಿಗೆ ಕಾಯುತ್ತ ಆ ಹೆಸರಿನ ಮೇಲೆ ಕೂತು ಮೊಸರನ್ನದ ಡಬ್ಬಿ ಬಿಚ್ಚುತ್ತಿದ್ದನಂತೆ. "ಅಷ್ಟು ವರ್ಷ ಆ ಊರಿನ ಮೇಲೆ ಕೂತು ಉಂಡಿದ್ದೀನಿ ಅತ್ತಿಗೆ, ಒಂದು ಸಲ ಆ ಊರನ್ನ ನಿಂತು ನೋಡಬೇಕು" ಎನ್ನುತ್ತಿದ್ದ. ಜನ ಹಿಮ ನೋಡಲು ಹೋಗುತ್ತಾರೆ, ಗೋಪುರ ನೋಡಲು ಹೋಗುತ್ತಾರೆ. ಪೆಟ್ಟಿಗೆಗಳು ಹೊರಟ ಜಾಗ ನೋಡಲು ಹೋದವನು ನನಗೆ ಗೊತ್ತಿದ್ದ ಹಾಗೆ ಇವನೊಬ್ಬನೇ.

ಜಪಾನಿಗೆ ಮೊದಲು ಕೊಲಂಬೋ ಆಯಿತು, ಸಿಂಗಪೂರ್ ಆಯಿತು. ಎರಡಕ್ಕೂ ಹೋದವರು ಅವನೂ ಅವನ ಹೆಂಡತಿ ರಮಾಬಾಯಿಯೂ. ಬಂದ ಮೇಲೆ ಕಿಟ್ಟು ಊರಿನ ಕಥೆ ಹೇಳುತ್ತಿದ್ದ, ರಮಾಬಾಯಿ ಒಲೆಯ ಕಥೆ. ಯಾವ ಊರಿನ ಒಲೆಗೆ ಬೆಂಕಿಯಿಲ್ಲದೆ ಬರೀ ಬಿಸಿ ಬರುತ್ತದೆ, ಯಾವ ಊರಿನ ಸಿಂಕಿನಲ್ಲಿ ಕುಕ್ಕರು ಹಿಡಿಸುವುದಿಲ್ಲ, ಒಗ್ಗರಣೆಯ ಹೊಗೆಗೆ ಯಾವ ಊರಿನ ಮನೆಯ ಸೂರಿನಲ್ಲಿ ಗಂಟೆ ಬಡಿದುಕೊಳ್ಳುತ್ತದೆ, ಇದೆಲ್ಲ ಅವಳಿಗೆ ಗೊತ್ತು. ಸಿಂಗಪೂರಿಗೆ ಹೋದದ್ದು ಚಾತುರ್ಮಾಸ್ಯದಲ್ಲಿ, ತರಕಾರಿ ಮುಟ್ಟದ ತಿಂಗಳು; ಅಲ್ಲಿ ತರಕಾರಿ ತುಟ್ಟಿ ಎಂದು ಯಾರೋ ಹೇಳಿದ್ದರು. "ಮುಂದಿನ ಸಲ ಗ್ರಹಣ ಹಿಡಿಯೋ ದಿನ ಕರ್ಕೊಂಡು ಹೋಗ್ರಿ, ನೀರಿನ ಖರ್ಚೂ ಉಳಿಯುತ್ತೆ" ಎಂದಳು ರಮಾಬಾಯಿ. ಕಿಟ್ಟು ಆ ಮಾತನ್ನು ತಮಾಷೆಯೆಂದು ತಳ್ಳಿಹಾಕದೆ ಒಂದು ಗಳಿಗೆ ಯೋಚಿಸಿದ. ಅದೇ ನಮಗೆ ನಗು.

ನಿಜ ಹೇಳಬೇಕೆಂದರೆ ಮದ್ರಾಸಿನಲ್ಲಿ ಅವನು ಅಂಥ ಮಡಿವಂತನೇನೂ ಅಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಉಂಡವನು, ಮೈಲಾಪುರದ ಹೋಟೆಲಿನಲ್ಲಿ ನಿಂತು ಕಾಫಿ ಕುಡಿಯುವವನು. ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಏಕಾದಶಿ ತಪ್ಪಿಸುವುದಿಲ್ಲ, ಅಷ್ಟೆ. "ಇವರ ಮಡಿ ವಿಮಾನ ಹತ್ತಿದ ಮೇಲೆ ಶುರು ಅಕ್ಕಾ" ಎಂದು ರಮಾಬಾಯಿ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ನಾನು ಅವಳ ಓರಗಿತ್ತಿ, ವಯಸ್ಸಿನಲ್ಲಿ ಹಿರಿಯಳು. ನನ್ನನ್ನು ಅಕ್ಕಾ ಎನ್ನುತ್ತಾಳೆ. ಹಾಗೆ ಹೇಳಿ ನಕ್ಕರೂ, ನಗುವಿನ ಹಿಂದೆ ಒಂದು ಆಸೆ ಇತ್ತು; ಬತ್ತಿ ಹೊಸೆಯುವಾಗ ಒಂದು ಮಧ್ಯಾಹ್ನ ಅದನ್ನು ಹೇಳಿದಳು. "ನನಗೆ ಏನೂ ನೋಡೋದು ಬೇಡ ಅಕ್ಕಾ. ಯಾವುದಾದ್ರೂ ಒಂದು ಊರಲ್ಲಿ, ಒಂದೇ ಒಂದು ಹೊತ್ತು, ನಾನು ಕೂತಿರಬೇಕು, ಬೇರೆ ಯಾರಾದ್ರೂ ಬಡಿಸಬೇಕು. ಇಲ್ಲಿ ಮಾಡೋದನ್ನೇ ಅಲ್ಲೂ ಹೋಗಿ ಮಾಡೋದಾದ್ರೆ ನನಗೆ ಯಾವ ದೇಶವಾದ್ರೇನು?" ಕಿಟ್ಟುವಿಗೆ ಹೇಳು ಎಂದೆ. "ಹೇಳಿದ್ರೆ ಸುಮ್ನೆ ಯಾಕೆ ಅಂತಾರೆ" ಎಂದಳು.

ಜಪಾನಿಗೆ ಹೊರಟಾಗ ನನ್ನನ್ನೂ ಕರೆದ. ಪ್ರೀತಿಯಿಂದ ಕರೆದ, ಅದರಲ್ಲಿ ಅನುಮಾನವಿಲ್ಲ. ಆದರೆ ಕಾರಣ ಕೇಳಿದರೆ ಪ್ರೀತಿ ಎಂದು ಹೇಳುವ ಬಾಯಿ ಅವನದಲ್ಲ. "ಬಾಡಿಗೆ ಮನೆಗೆ ಇಬ್ಬರಾದ್ರೂ ಅಷ್ಟೇ, ಮೂವರಾದ್ರೂ ಅಷ್ಟೇ. ಮೇಲೆ ನಿಮ್ಮ ಪಾಲಿನ ಪೆಟ್ಟಿಗೆ ಬರುತ್ತಲ್ಲ ಅತ್ತಿಗೆ" ಎಂದ. ಹಾಗಾಗಿ ನಾನು ಆ ದೇಶಕ್ಕೆ ಹೋದದ್ದು ಒಂದು ಪೆಟ್ಟಿಗೆ ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ, ಸಾರಿನಪುಡಿ, ಮೆಂತ್ಯದಹಿಟ್ಟುಗಳ ಒಡತಿಯಾಗಿ. ಅಕ್ಕಿಯನ್ನು ಮಾತ್ರ ಅಲ್ಲಿಗೆ ಬಿಡುವುದಿಲ್ಲವಂತೆ, ಅದನ್ನು ಅಲ್ಲೇ ಕೊಳ್ಳಬೇಕೆಂದು ಸುಮೇಧಾ ಹೇಳಿದಾಗ ಅವನ ಮುಖ ನೋಡಬೇಕಿತ್ತು.

ಪೆಟ್ಟಿಗೆಗಳಲ್ಲಿ ಹಿಡಿಸದೆ ಉಳಿದದ್ದು ಕೋಟಿಗೆ ಹೋಯಿತು. ಆ ಕೋಟು ನನ್ನ ಯಜಮಾನರದು, ಬೂದುಬಣ್ಣದ ಉಣ್ಣೆಯದು; ಒಳಗಡೆ ಹಳೆಯ ಪಂಚೆಯ ಬಟ್ಟೆಯಿಂದ ಜೇಬುಗಳನ್ನು ನಾನೇ ಹೊಲಿದುಕೊಟ್ಟೆ, ಒಂದರಲ್ಲಿ ಪುಳಿಯೋಗರೆ ಗೊಜ್ಜು, ಒಂದರಲ್ಲಿ ಹುರಿಹಿಟ್ಟು, ಎದೆಯ ಹತ್ತಿರದ್ದರಲ್ಲಿ ಪಂಚಾಂಗ. ಏಪ್ರಿಲ್ ಕೊನೆಯ ಸೆಕೆಯಲ್ಲಿ ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ಆ ಕೋಟು ತೊಟ್ಟು, ಬೆವರು ಸುರಿಸಿಕೊಂಡು, ಬಲಕ್ಕೆ ವಾಲಿಕೊಂಡು ನಿಂತಿದ್ದ. ತೂಕ ನೋಡುವ ಹುಡುಗಿ ಪೆಟ್ಟಿಗೆ ನೋಡಿದಳು, ಕೋಟು ನೋಡಿದಳು, "ಸಾರ್, ಕೋಟ್ಟ ಕಳಟ್ಟಿ ವೈಕ್ಕಲಾಮೇ" ಎಂದಳು, ಬಿಚ್ಚಿಡಬಹುದಲ್ಲಾ ಎಂದು. "ನಮಗೆ ಚಳಿ ಆಗುತ್ತಮ್ಮ" ಎಂದ ಕಿಟ್ಟು. ಅವಳು ನಕ್ಕು ಬಿಟ್ಟುಬಿಟ್ಟಳು. ಮದ್ರಾಸಿನವರಿಗೆ ಇಂಥ ಕೋಟುಗಳು ಹೊಸದಲ್ಲ.

ಇನ್ನೊಂದು ಹಟ ಹೇಳಬೇಕು. ಯಾವ ದೇಶಕ್ಕೆ ಹೋದರೂ ಅವನು ಕೈಗಡಿಯಾರವನ್ನು ತಿರುಗಿಸುವುದಿಲ್ಲ. ಜಪಾನಿನಲ್ಲಿ ಮಧ್ಯಾಹ್ನವಾದರೂ ಅವನ ಕೈಮೇಲೆ ಮದ್ರಾಸಿನ ಬೆಳಗ್ಗೆಯೇ. "ಅವರ ಟೈಮು ಗೋಡೆ ಮೇಲೆ ಇದೆ, ರೈಲಿನಲ್ಲಿದೆ, ಎಲ್ಲೆಲ್ಲೂ ಇದೆ. ನಮ್ಮ ಟೈಮು ಇಲ್ಲೊಂದೇ ಕಡೆ ಇರೋದು" ಎಂದು ಮಣಿಕಟ್ಟು ತೋರಿಸುತ್ತಿದ್ದ.

ಕೋಬೆಯಲ್ಲಿ ನಮಗೆ ಸಿಕ್ಕಿದ್ದು ನಮ್ಮ ದೇವರ ಕೋಣೆಗಿಂತ ಕೊಂಚ ದೊಡ್ಡದಾದ ಮನೆ. ನೆಲಕ್ಕೆಲ್ಲ ಚಾಪೆ, ಗೋಡೆಗೆ ಅಂಟಿಕೊಂಡ ಒಂದು ಒಲೆ. ಬೆಳಗ್ಗೆ ರಮಾಬಾಯಿ ಅನ್ನ, ಸಾರು, ಒಂದು ಪಲ್ಯ ಮಾಡಿ ಡಬ್ಬಿ ಕಟ್ಟುವಳು; ಮಧ್ಯಾಹ್ನ ಎಲ್ಲಾದರೂ ಕಲ್ಲುಬೆಂಚಿನ ಮೇಲೆ ಬಿಚ್ಚುವುದು; ಸಾಯಂಕಾಲ ಬಂದು ಮತ್ತೆ ಅವಳು ಒಲೆಯ ಮುಂದೆ, ಹಿಂಗಿನ ವಾಸನೆ ಪಕ್ಕದವರಿಗೆ ಹೋದೀತೆಂದು ಕಿಟಕಿ ತೆರೆದು, ಚಳಿಗೆ ಸೆರಗು ಹೊದ್ದು. ಆ ಕಿಟಕಿಯಿಂದ ಸಮುದ್ರದ ಒಂದು ಗೇಣು ಕಾಣುತ್ತಿತ್ತು. ಅವಳು ಕೋಬೆಯ ಸಮುದ್ರವನ್ನು ಹೆಚ್ಚಾಗಿ ನೋಡಿದ್ದು ಅಲ್ಲಿಂದಲೇ, ಸಾರು ಕುದಿಯುವಾಗ.

ಕಿಟ್ಟು ಮಾತ್ರ ಹೋದ ಮರುದಿನವೇ ಬಂದರಿಗೆ ನಮ್ಮನ್ನು ನಡೆಸಿಕೊಂಡು ಹೋದ, ಬಸ್ಸು ಸುಮ್ನೆ ಯಾಕೆ ಎಂದು. ಅಲ್ಲೀಗ ಮರದ ಪೆಟ್ಟಿಗೆಗಳಿಲ್ಲ, ಬಣ್ಣಬಣ್ಣದ ಕಬ್ಬಿಣದ ಡಬ್ಬಗಳು, ಮನೆಯಷ್ಟು ದೊಡ್ಡವು. ತುಂಬ ಹೊತ್ತು ಕಂಬಿ ಹಿಡಿದು ನಿಂತಿದ್ದ. ನೀಲಿ ಅಂಗಿಯ ವಯಸ್ಸಾದ ಕೆಲಸಗಾರನೊಬ್ಬ ಹಾದುಹೋದಾಗ ಅವನನ್ನು ನಿಲ್ಲಿಸಿ, ಎದೆ ಮುಟ್ಟಿಕೊಂಡು "ಮದ್ರಾಸ್" ಎಂದ, ನೆಲ ತೋರಿಸಿ "ಕೋಬೆ" ಎಂದ, ನಡುವಿನ ಸಮುದ್ರದ ಮೇಲೆ ಕೈಯಲ್ಲಿ ಪೆಟ್ಟಿಗೆಯ ಆಕಾರ ಮಾಡಿ ನೆಲದ ಕಡೆಯಿಂದ ತನ್ನ ಎದೆಗೆ ತಂದ. ಆ ಮನುಷ್ಯನಿಗೆ ಏನರ್ಥವಾಯಿತೋ, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ. ಕಿಟ್ಟುವೂ ಬಗ್ಗಿದ. ಅವನು ಮತ್ತೆ ಬಗ್ಗಿದ, ಇವನೂ ಬಗ್ಗಿದ. "ಇವರಿಬ್ಬರನ್ನ ಯಾರು ನಿಲ್ಲಿಸೋದು ಅಕ್ಕಾ?" ಎಂದಳು ರಮಾಬಾಯಿ. ಹಿಂತಿರುಗಿದಾಗ ಕಿಟ್ಟುವಿನ ಕಣ್ಣು ತೇವವಾಗಿತ್ತು, ಗಾಳಿ ಎಂದ.

ಅವತ್ತು ಸಾಯಂಕಾಲ ಒಂದು ಓಣಿಯಲ್ಲಿ ಬರುವಾಗ ಕಾಗದದ ದೀಪ ತೂಗುಹಾಕಿದ ಒಂದು ಊಟದ ಅಂಗಡಿಯ ಮುಂದೆ ರಮಾಬಾಯಿ ನಿಂತುಬಿಟ್ಟಳು. ಒಳಗೆ ಹೆಂಗಸರು ಸಾಲಾಗಿ ಕೂತು ಬಟ್ಟಲಿನ ಹಬೆ ಊದಿಕೊಂಡು ಉಣ್ಣುತ್ತಿದ್ದರು. ಕಿಟ್ಟು ಹಿಂದಕ್ಕೆ ಬಂದು, "ಎಲ್ಲದರಲ್ಲೂ ಮೀನಿನ ನೀರು ಹಾಕ್ತಾರಂತೆ ರಮಾ, ಸುಮೇಧಾ ಹೇಳಿದ್ದಾಳೆ. ನಾವು ತಿನ್ನೋ ಹಾಗಿಲ್ಲ" ಎಂದ. ಅದು ಸುಳ್ಳಲ್ಲ. ಅವಳು ಹೆಜ್ಜೆ ತೆಗೆದಳು. ನನ್ನ ಪಕ್ಕಕ್ಕೆ ಬಂದ ಮೇಲೆ, "ನಾನು ಮೀನು ನೋಡಿದ್ದಲ್ಲ ಅಕ್ಕಾ, ಬಡಿಸೋಳನ್ನ ನೋಡಿದೆ" ಎಂದಳು.

ಕೊನೆಗೆ ಕ್ಯೋತೋ. ಗುಡಿಗಳ ಊರು, ತುಟ್ಟಿಯ ಊರು; ಆದ್ದರಿಂದ ಕಿಟ್ಟುವಿನ ಏಕಾದಶಿಯ ಊರು. ಗುರುವಾರ ದಶಮಿ ಎಂದು ಕೋಬೆಯಲ್ಲಿ ಮಧ್ಯಾಹ್ನ ಒಂದೇ ಊಟ. ಶುಕ್ರವಾರ ಕ್ಯೋತೋದಲ್ಲಿ ಏಕಾದಶಿ, ಊಟವಿಲ್ಲ, ಹೊಟ್ಟೆ ಹಗುರ, ಗುಡಿ ನೋಡುವುದು. ಶನಿವಾರ ದ್ವಾದಶಿ, ಬೆಳಗಿನ ವಿಮಾನದಲ್ಲಿ ಟಿಕೆಟ್ಟಿನ ಜೊತೆಗೇ ಬರುವ ಸಸ್ಯಾಹಾರದಿಂದ ಪಾರಣೆ. ಕೊನೆಯ ಹಿಡಿ ಅವಲಕ್ಕಿ ಗುರುವಾರಕ್ಕೆ ಸರಿಯಾಗಿ ಮುಗಿಯಿತು. ಖಾಲಿ ಡಬ್ಬಿಗಳನ್ನು ಪೆಟ್ಟಿಗೆಗೆ ತುಂಬುವಾಗ ಅವನು ಹಾಡಿಕೊಳ್ಳುತ್ತಿದ್ದ. ನಾವು ಇಳಿದುಕೊಂಡ ಕ್ಯೋತೋದ ಕೋಣೆಯಲ್ಲಿ ಒಲೆಯಿಲ್ಲ, ಬೇಕಾಗಿಯೂ ಇರಲಿಲ್ಲ. ಗುರುವಾರ ರಾತ್ರಿ ನೀರು ಕುಡಿದು ಮಲಗಿದೆವು.

ಬೆಳಗ್ಗೆ ನನಗೆ ಎಚ್ಚರವಾದಾಗ ಕಿಟ್ಟು ಸಂಧ್ಯಾವಂದನೆ ಮುಗಿಸಿ ಕಿಟಕಿಯ ಹತ್ತಿರ ಕೂತಿದ್ದ. ಎದುರಿನ ಗುಡ್ಡದ ಮೇಲೆ ಸೂರ್ಯ ಬಂದಾಗಿತ್ತು. ಮೊಣಕಾಲ ಮೇಲೆ ಪಂಚಾಂಗ. ಅದನ್ನು ನೋಡುವುದು, ಕೈಗಡಿಯಾರ ನೋಡುವುದು, ಸೂರ್ಯನನ್ನು ನೋಡುವುದು. ನಾನು ಕಣ್ಣು ಅರ್ಧ ಮುಚ್ಚಿಕೊಂಡೇ ನೋಡುತ್ತಿದ್ದೆ. ಹೀಗೆ ಸುಮಾರು ಹೊತ್ತು ಕೂತು, ಪಂಚಾಂಗವನ್ನು ಮಡಿಸಿ ಕೋಟಿನೊಳಗೆ ಇಟ್ಟ. ಮತ್ತೆ ತೆಗೆದ. ಆಮೇಲೆ ಎದ್ದುಬಂದು ನಮ್ಮಿಬ್ಬರ ತಲೆಯ ಹತ್ತಿರ ಮಂಡಿಯೂರಿ ಕೂತು, ಯಾರೋ ತೀರಿಕೊಂಡ ಸುದ್ದಿ ಹೇಳುವವನ ಹಾಗೆ, "ಅತ್ತಿಗೆ, ಇವತ್ತು ಏಕಾದಶಿ ಅಲ್ಲ" ಎಂದ.

ಅವನು ವಿವರಿಸಿದ್ದು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಸೂರ್ಯ ಹುಟ್ಟುವಾಗ ಯಾವ ತಿಥಿಯೋ ಆ ದಿನಕ್ಕೆ ಅದೇ ತಿಥಿ. ಮದ್ರಾಸಿನಲ್ಲಿ ಏಕಾದಶಿ ಬರುವುದು ಬೆಳಗಿನ ಜಾವ ಮೂರರ ಮೇಲೆ; ಅಲ್ಲಿ ಸೂರ್ಯ ಬರುವಷ್ಟರಲ್ಲಿ ಅದು ಬಂದು ಕೂತಿರುತ್ತದೆ. ಜಪಾನಿನಲ್ಲಿ ಸೂರ್ಯ ಬೇಗ. ಕಿಟ್ಟುವಿನ ಮದ್ರಾಸು ಗಡಿಯಾರದಲ್ಲಿ ಒಂದೂವರೆಗೇ ಗುಡ್ಡದ ಮೇಲೆ ಬಂದುಬಿಟ್ಟಿದ್ದ. ಸೂರ್ಯ ಬಂದ, ಏಕಾದಶಿ ಇನ್ನೂ ಬಂದಿರಲಿಲ್ಲ. ಆದ್ದರಿಂದ ಮದ್ರಾಸಿಗೆ ಶುಕ್ರವಾರ ಏಕಾದಶಿ, ಜಪಾನಿಗೆ ಶನಿವಾರ. ಊರಿನ ಪಂಚಾಂಗವನ್ನು ಇಟ್ಟುಕೊಂಡು ಬೇರೆ ಸೂರ್ಯನ ಕೆಳಗೆ ಲೆಕ್ಕ ಹಾಕಿದ್ದ ಇವನು.

ಅವನು ಹೇಳದೆ ಇದ್ದಿದ್ದರೆ ನಮಗೆ ಗೊತ್ತಾಗುತ್ತಿರಲಿಲ್ಲ. ಇವತ್ತು ನಾವು ತೆಪ್ಪಗೆ ಉಪವಾಸವಿರುತ್ತಿದ್ದೆವು, ನಾಳೆ ವಿಮಾನದಲ್ಲಿ ಪುಕ್ಕಟೆ ಉಣ್ಣುತ್ತಿದ್ದೆವು. ಹೇಳಿದ್ದರಿಂದ ಎರಡೂ ಕಡೆ ಹೋಯಿತು: ಇವತ್ತು ಕೊಂಡು ತಿನ್ನಬೇಕು, ನಾಳೆ ಟಿಕೆಟ್ಟಿನಲ್ಲಿ ಕೊಟ್ಟಿರುವ ಊಟ ಬಿಡಬೇಕು. ಆ ಗಂಡಸಿನ ಮುಖದಲ್ಲಿ ಅದೆಲ್ಲ ಒಂದೊಂದಾಗಿ ಹಾದುಹೋಗುವುದು ಕಾಣುತ್ತಿತ್ತು. ಆದರೂ ಹೇಳಿದ.

"ಸರಿ, ಬಾಳೆಹಣ್ಣು, ಹಾಲು ತರ್ತೀನಿ" ಎಂದು ಎದ್ದ.

ರಮಾಬಾಯಿ ಹಾಸಿಗೆ ಮಡಿಸುತ್ತಿದ್ದಳು. ಕೈ ನಿಂತಿತು. ತಲೆಯೆತ್ತದೆ ಹೇಳಿದಳು: "ಹಣ್ಣು ಹಾಲು ಏಕಾದಶಿಗೆ. ಇವತ್ತು ಏಕಾದಶಿ ಅಲ್ಲ ಅಂತ ನೀವೇ ಅಂದ್ರಿ."

ಕಿಟ್ಟು ಬಾಗಿಲ ಹತ್ತಿರ ನಿಂತ.

"ದಶಮಿಗೆ ಒಂದು ಊಟ. ಅನ್ನದ ಊಟ. ಅದೂ ನೀವೇ ಹೇಳಿಕೊಟ್ಟಿದ್ದು" ಎಂದಳು. ದನಿ ಏರಲಿಲ್ಲ. "ಇಲ್ಲಿ ಒಲೆ ಇಲ್ಲ. ಇದ್ದಿದ್ರೆ ನಾನೇ ಮಾಡ್ತಿದ್ದೆ, ಕೇಳ್ತಿರಲಿಲ್ಲ. ಮೂರು ದೇಶದಲ್ಲಿ ಮಾಡಿದ್ದೀನಿ."

ಆ ಮೂರು ದೇಶ ಎಂಬ ಮಾತಿಗೆ ಕಿಟ್ಟು ಹೆಂಡತಿಯ ಮುಖ ನೋಡಿದ. ಮೂರು ದೇಶಗಳಲ್ಲಿ ಅವನು ಏನೇನು ಉಳಿಸಿದ್ದನೋ ಅದೆಲ್ಲ ಅವನ ಜಾಣತನವೆಂದೇ ನಾವೂ ಹೇಳಿಕೊಂಡು ಬಂದಿದ್ದೆವು, ಅವನೂ ನಂಬಿದ್ದ. ಅದರಲ್ಲಿ ಎರಡು ಕೈ ಇದ್ದವೆಂಬುದು ಅವತ್ತು ಬೆಳಗ್ಗೆ, ಒಲೆಯಿಲ್ಲದ ಆ ಕೋಣೆಯಲ್ಲಿ, ಅವನಿಗೆ ಮೊದಲ ಸಲ ಕಂಡಿರಬೇಕು. ಬಾಗಿಲು ತೆರೆದು ಹೊರಗೆ ಹೋದ.

ಅವನು ಬೀದಿಯಲ್ಲಿ ಬಹಳ ಹೊತ್ತು ನಡೆದಾಡಿ, ಮದ್ರಾಸಿನಲ್ಲಿ ಕಾಫಿಯ ಹೊತ್ತಾಗುವವರೆಗೆ ಕಾದು, ಮೇಲೆ ಬಂದು ಸುಮೇಧಾಗೆ ಫೋನು ಹಚ್ಚಿದ. ಜೋರಾಗಿಟ್ಟು ಮಾತಾಡುವುದು ಅವನ ಅಭ್ಯಾಸ, ಎರಡೂ ಕಡೆಯದು ನಮಗೆ ಕೇಳುತ್ತಿತ್ತು. ಈರುಳ್ಳಿ, ಬೆಳ್ಳುಳ್ಳಿ, ಮೀನು ಇಲ್ಲದ ಊಟ ಈ ಊರಿನಲ್ಲಿ ಸಿಗುತ್ತದೋ ನೋಡು ಎಂದ. ಅವಳು ಹುಡುಕಿ ಹೇಳಿದಳು: ಬೌದ್ಧ ಗುಡಿಗಳಲ್ಲಿ ಸಂನ್ಯಾಸಿಗಳು ಉಣ್ಣುವಂಥ ಊಟ ಬಡಿಸುತ್ತಾರೆ, ಅದರಲ್ಲಿ ನಮ್ಮ ಹಾಗೇ ಈರುಳ್ಳಿಯೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ, ಮೀನಂತೂ ಇಲ್ಲ. ಕಿಟ್ಟುವಿನ ಮುಖ ಅರಳಿತು; ಗುಡಿಯ ಊಟ ಎಂದರೆ ಅವನ ಕಿವಿಗೆ ಪ್ರಸಾದ. ಅವಳು ಬೆಲೆ ಹೇಳಿದಳು.

"ಅಪ್ಪಾ? ಇರುಕ್ಕಿಯಾ?" ಎಂದಳು ಸುಮೇಧಾ.

"ಇದ್ದೀನಿ. ಎರಡು ಊಟ ಹೇಳು" ಎಂದ.

"ಮೂಣು ಪೇರು ಇರುಕ್ಕೀಂಗ" ಎಂದಳು, ಮೂರು ಜನ ಇದ್ದೀರಲ್ಲ ಎಂದು.

"ನಾನು ಎರಡೂ ದಿನ ಉಪವಾಸ ಇರ್ತೀನಿ. ಸಂದೇಹ ಬಂದಾಗ ಎರಡು ದಿನ ಇರೋದು ಉಂಟು. ನಿಮ್ಮಮ್ಮಂಗೂ ದೊಡ್ಡಮ್ಮಂಗೂ ಹೇಳು." ಆಮೇಲೆ ಅವಳು ಏನು ಹೇಳಿದಳೋ, "ಸುಮ್ನೆ ಯಾಕೆ ವಾದ" ಎಂದು ಇಟ್ಟುಬಿಟ್ಟ.

ರಮಾಬಾಯಿ ನನ್ನ ಕಡೆ ನೋಡಿದಳು. ಗಂಡ ಉಣ್ಣದೆ ತಾನು ಎಲೆಯ ಮುಂದೆ ಕೂತವಳಲ್ಲ ಅವಳು. ಬೇಡ ಎಂದುಬಿಡುತ್ತಾಳೆ ಎಂದುಕೊಂಡೆ. ಎದ್ದು ಒಳ್ಳೆಯ ಸೀರೆ ತೆಗೆದಳು.

ಗುಡಿಯ ಪಕ್ಕದಲ್ಲಿ ಮರದ ಚಾವಡಿ, ಮುಂದೆ ಪಾಚಿ ಬೆಳೆದ ಅಂಗಳ. ಚಪ್ಪಲಿ ಬಿಟ್ಟು ಒಳಗೆ ಹೋದೆವು. ಕಿಟ್ಟು ಮೆಟ್ಟಿಲ ಮೇಲೆ ಕೂತ, ಚಪ್ಪಲಿ ಕಾಯುತ್ತೇನೆ ಎಂದು. ಆ ದೇಶದಲ್ಲಿ ಚಪ್ಪಲಿಯನ್ನು ಯಾರೂ ಮುಟ್ಟುವುದಿಲ್ಲವೆಂದು ಅವನಿಗೂ ಗೊತ್ತು. ಒಳಗೆ ಮಣೆಯಷ್ಟು ಎತ್ತರದ ಕೆಂಪು ಮೇಜುಗಳು. ನಾನು ಕಾಲು ಚಾಚಿ ಗೋಡೆಗೆ ಒರಗಿದೆ, ರಮಾಬಾಯಿ ಚಕ್ಕಂಬಕ್ಕಳ ಹಾಕಿ ನೆಟ್ಟಗೆ ಕೂತಳು. ನಮ್ಮ ವಯಸ್ಸಿನವಳೇ ಒಬ್ಬ ಹೆಂಗಸು ಬಂದು, ಮಂಡಿಯೂರಿ, ಬಟ್ಟಲುಗಳನ್ನು ಒಂದೊಂದಾಗಿ ಮುಂದಿಡತೊಡಗಿದಳು. ಕೈಯಲ್ಲಿ ತುಂಬಿದ ತಟ್ಟೆ ಕಂಡ ಕೂಡಲೇ ರಮಾಬಾಯಿ ಅರ್ಧ ಎದ್ದಳು, ಹಿಡಿಯಲು. ನಾನು ಅವಳ ಮೊಣಕಾಲನ್ನು ಅದುಮಿ ಹಿಡಿದೆ. ಕೂತಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಿನಲ್ಲಿ ಇಟ್ಟುಕೊಂಡಳು.

ಎಳ್ಳನ್ನು ಅರೆದು ಗಟ್ಟಿ ಮಾಡಿದ್ದೊಂದು ಬಂತು, ಬೆಣ್ಣೆಯಂಥದು. ತಿಳಿಸಾರಿನಂಥದೊಂದು. ಬೇಯಿಸಿದ ಗೆಡ್ಡೆ, ಉಪ್ಪಿನಲ್ಲಿ ಹಾಕಿದ ಒಂದು ಹುಳಿಕಾಯಿ, ಬಿಸಿ ಅನ್ನ. ರಮಾಬಾಯಿ ದೇವರಿಗೆಂದು ನಾಲ್ಕು ಅಗುಳು ಪಕ್ಕಕ್ಕಿಟ್ಟು, ಕೈಮುಗಿದು, ಯಾವುದನ್ನೂ ಬಿಡದೆ, ಯಾವುದಕ್ಕೂ ಅವಸರಪಡದೆ ಉಂಡಳು. ಉಪ್ಪು ಸಾಲದು ಎಂದು ನನಗನ್ನಿಸಿತು. ಅವಳನ್ನು ನೋಡಿ ಬಾಯಿ ಮುಚ್ಚಿಕೊಂಡೆ. ಆ ಹೆಂಗಸು ಅನ್ನದ ಪಾತ್ರೆ ಹಿಡಿದು ಮತ್ತೆ ಬಂದು, ಹಾಕಲೇ ಎಂಬಂತೆ ನೋಡಿದಳು. ರಮಾಬಾಯಿ ಬೆರಳು ಕೂಡಿಸಿ ಇಷ್ಟು ಎಂದಳು. ಅವಳು ಹಾಕಿದಳು. ಮೂರನೆಯ ಸಲ ಬಂದಾಗ ರಮಾಬಾಯಿ ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದು, "ಸಾಕು ತಾಯಿ, ಸಾಕು" ಎಂದಳು. ಕನ್ನಡದಲ್ಲೇ ಹೇಳಿದಳು, ಆ ಹೆಂಗಸಿಗೆ ತಿಳಿಯಿತು. ಬಡಿಸುವವರಿಗೆ ಆ ಮಾತು ಹೇಳುವ ಸಂದರ್ಭ ಬರುವುದಿಲ್ಲ. ಅವರು ಕೇಳುವವರು, ಹೇಳುವವರಲ್ಲ. ರಮಾಬಾಯಿ ಅದನ್ನು ಹೇಳಿದ ರೀತಿಯನ್ನು ನಾನು ಇಲ್ಲಿ ಬರೆದು ತೋರಿಸಲಾರೆ.

ಹೊರಗೆ ಬಂದಾಗ ಕಿಟ್ಟು ಎದ್ದು ನಮ್ಮ ಚಪ್ಪಲಿಗಳನ್ನು ಕಾಲಿಗೆ ನೇರವಾಗಿ ತಿರುಗಿಸಿಟ್ಟ. "ಏನೇನಿತ್ತು?" ಎಂದ.

ಅವಳು ಮೆಟ್ಟಿಲ ಮೇಲೆ ಅವನ ಪಕ್ಕ ಕೂತು ಒಂದೊಂದಾಗಿ ಹೇಳಿದಳು. ಅವನು ಅಂಗಳ ನೋಡುತ್ತ ಕೇಳಿಸಿಕೊಂಡ, ಹೂಂಗುಟ್ಟುತ್ತ.

"ಸಾರಿಗೆ ಹಿಂಗು ಇತ್ತಾ?"

"ಇರಲಿಲ್ಲ."

"ಹಾಗಾದ್ರೆ ಏನು ರುಚಿ ಇರುತ್ತೆ?"

"ಬಡಿಸಿದ್ರು. ರುಚಿ ಬಂತು" ಎಂದಳು.

ಮರುದಿನ ವಿಮಾನದಲ್ಲಿ ನಮ್ಮ ಮೂವರ ಮುಂದೆಯೂ ಬಿಸಿ ತಟ್ಟೆ ಬಂತು, ಮುಚ್ಚಳದ ಕೆಳಗಿನಿಂದ ಪಲಾವಿನ ವಾಸನೆ. ಆಕಾಶದಲ್ಲಿರುವವರಿಗೆ ಯಾವ ಊರಿನ ತಿಥಿ, ಕೆಳಗೆ ಯಾವ ದೇಶವೋ ಏನೋ ಎಂದು ನಾನೇ ಒಂದು ದಾರಿ ತೋರಿಸಿದೆ, ಎರಡು ದಿನ ಉಪವಾಸವಿದ್ದ ಅವನ ಕೆನ್ನೆ ನೋಡಲಾರದೆ. "ಬೆಳಗ್ಗೆ ಸೂರ್ಯನ್ನ ಎಲ್ಲಿ ನೋಡಿದ್ವೋ ಅಲ್ಲಿಯ ತಿಥಿ ಅತ್ತಿಗೆ" ಎಂದು ಮೂರೂ ತಟ್ಟೆಗಳನ್ನು ಹಿಂದಕ್ಕೆ ಕೊಟ್ಟ. ನೀರು ಮಾತ್ರ ಎರಡು ಸಲ ಕೇಳಿ ಕುಡಿದ.

ಈಗ ಮುಂದಿನ ಪ್ರಯಾಣದ ಮಾತು ನಡೆದಿದೆ. ಇನ್ನೊಂದು ಪೆಟ್ಟಿಗೆಯ ಮೇಲಿನ ಊರು. ಕಿಟ್ಟು ಹಾಲಿನಲ್ಲಿ ನಡೆಯುತ್ತಿದ್ದಾನೆ. ಸುಮೇಧಾಳಿಂದ ಆ ಊರಿನ ಸೂರ್ಯೋದಯ ತಿಳಿದುಕೊಂಡು, ಏಕಾದಶಿಯ ಜೊತೆಗೆ ದಶಮಿಯನ್ನೂ ಗುರುತುಮಾಡಿ ಇಟ್ಟಿದ್ದಾನೆ: ದಶಮಿಯ ದಿನ ರಮಾಬಾಯಿಗೆ ಹೊರಗೆ ಊಟ. ದಶಮಿಗೆ ಒಂದೇ ಹೊತ್ತು ಎಂಬುದನ್ನು ಅವನು ಮರೆತಿಲ್ಲ, ಅವಳೂ ಮರೆತಿಲ್ಲ. ಎಷ್ಟು ಊಟ ಹೇಳುತ್ತಾನೆ ಎಂದು ಅವಳು ಇನ್ನೂ ಕೇಳಿಲ್ಲ.

ಇಂಥವರನ್ನು ಲೋಕ ಜಿಪುಣರು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದು ನೋಡಿದ ನನಗೆ ಹಾಗನ್ನಿಸುವುದಿಲ್ಲ. ಇವರಿಗಿರುವುದು ಹಣದ ಮೋಹವಲ್ಲ, ನಿಯಮದ ಮೋಹ. ಹಣ ಉಳಿದರೆ ನಿಯಮ ಸರಿಯಾಗಿದೆಯೆಂದು ಒಂದು ಗುರುತು, ಅಷ್ಟೆ. ನಿಯಮವೂ ಹಣವೂ ಎದುರುಬದುರಾದ ದಿನ ಯಾವುದನ್ನು ಬಿಡುತ್ತಾರೆಂದು ನಾನು ಕಣ್ಣಾರೆ ಕಂಡಿದ್ದೇನೆ. ತಮ್ಮ ಹೊಟ್ಟೆಯನ್ನು ಮೊದಲು ಬಿಗಿಹಿಡಿದು, ಮಿಕ್ಕವರ ಹೊಟ್ಟೆಯೂ ಹಾಗೆಯೇ ಎಂದುಕೊಂಡುಬಿಡುವುದು ಅವರ ತಪ್ಪು; ಪಕ್ಕದಲ್ಲಿ ನಿಂತ ಕೈಗಳನ್ನು ಎಣಿಕೆಗೆ ತಾರದೆ ಇರುವುದು ಇನ್ನೂ ದೊಡ್ಡ ತಪ್ಪು. ಆದರೆ ಕಣ್ಣೀರು, ಮುನಿಸು ಅವರಿಗೆ ಕೇಳಿಸುವುದಿಲ್ಲ. ಅವರ ನಿಯಮದ ಭಾಷೆಯಲ್ಲೇ ಹೇಳಬೇಕು, ಆಗ ಒಂದೇ ಮಾತಿಗೆ ಕೇಳಿಸುತ್ತದೆ. ಕೇಳಿಸಿದ ದಿನ ತಮ್ಮ ಪಾಲನ್ನು ತೆಗೆದು ನಿಮ್ಮ ಮುಂದಿಟ್ಟು ಬಾಗಿಲಾಚೆ ಹೋಗಿ ಕೂರುತ್ತಾರೆ. ಕೊಡುವುದು ಅವರಿಗೆ ಬರುತ್ತದೆ. ಜೊತೆಗೆ ಕೂತು ಉಣ್ಣುವುದು ಬರುವುದಿಲ್ಲ. ಅದನ್ನು ಕಲಿಯುವುದಕ್ಕೆ ಒಂದು ಆಯುಸ್ಸು ಸಾಕಾಗುತ್ತದೋ ಇಲ್ಲವೋ ಕಾಣೆ, ಕಲಿಸುವವರಂತೂ ಇನ್ನೂ ಕೈಬಿಟ್ಟಿಲ್ಲ.